ಚಳಿಯಿಂದ ಸಜೆಗೆ ಬಂದ ಮಾತು

ಕಳೆದ ತಿಂಗಳು ಅಪ್ಪನಿಗೆ ಜ್ವರ ಬಂತು. ಮೂರು ಕಂಬಳಿ ಹೊದಿಸಿದರೂ ಮಂಚ ಗಡಗಡ ಅಲ್ಲಾಡುತ್ತಿತ್ತು. ಮಂಡ್ಯದಿಂದ ಮೈಸೂರಿಗೆ ಕರೆದುಕೊಂಡು ಹೋಗಿ, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದೆವು. ಡಿಸ್ಚಾರ್ಜ್ ಚೀಟಿಯ ಮೊದಲ ಸಾಲಿನಲ್ಲಿ ‘ಫೀವರ್ ವಿತ್ ಚಿಲ್ಸ್ ಅಂಡ್ ರಿಗರ್ಸ್’ ಅಂತ ಇತ್ತು, ಅಂದರೆ ಚಳಿ, ಗಡಗಡ ನಡುಕದ ಜ್ವರ.

ಮರುದಿನ ಕೆಲಸಕ್ಕೆ ಹೋದೆ. ನಾನು ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್. ಕಕ್ಷಿದಾರರಿಗೆ ತೀರ್ಪನ್ನು ಕನ್ನಡದಲ್ಲಿ ಬರೆದುಕೊಡುವುದೂ ನಾನೇ. ಅವತ್ತಿನ ತೀರ್ಪಿನಲ್ಲಿ ‘ರಿಗರಸ್ ಇಂಪ್ರಿಸನ್‌ಮೆಂಟ್’ ಇತ್ತು. ‘ಕಠಿಣ ಸಜೆ’ ಅಂತ ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಅವತ್ತು ಮಾತ್ರ ಬೆರಳು ನಿಂತುಬಿಟ್ಟಿತು. ಅಪ್ಪನ ಚೀಟಿಯ ರಿಗರ್ಸ್, ಈ ರಿಗರಸ್, ಎರಡೂ ಒಂದೇ ಬೇರಿನವು.

ಲ್ಯಾಟಿನ್‌ನಲ್ಲಿ ‘ರಿಗೇರೆ’ ಅಂದರೆ ಸೆಟೆದುಕೊಂಡಿರುವುದು. ಅದರಿಂದ ‘ರಿಗೋರ್’ ಹುಟ್ಟಿತು. ಚಳಿಗೆ ಕೈಕಾಲು ಮರಗಟ್ಟುತ್ತದಲ್ವಾ, ಅದು. ನಾನು ಚಿಕ್ಕವಳಿದ್ದಾಗ ಅಪ್ಪ ಡಿಸೆಂಬರ್ ರಾತ್ರಿ ಕಬ್ಬಿನ ಗದ್ದೆಗೆ ನೀರು ಕಟ್ಟಿ ಬರುತ್ತಿದ್ದರು. ಗುದ್ದಲಿ ಕಾವು ಹಿಡಿದ ಹಾಗೇ ಬೆರಳು ಮಡಚಿಕೊಂಡಿರುತ್ತಿದ್ದವು. ಅವ್ವ ಒಲೆ ಮುಂದೆ ಕೂರಿಸಿ ಒಂದೊಂದೇ ಬೆರಳು ಬಿಡಿಸುತ್ತಿದ್ದಳು. ರಿಗೋರ್ ಅಂದರೆ ನನ್ನ ಕಣ್ಣಿಗೆ ಬರುವುದು ಆ ಬೆರಳು. ಹೆಣ ಸೆಟೆಯುವುದನ್ನು ಡಾಕ್ಟರುಗಳು ರಿಗರ್ ಮಾರ್ಟಿಸ್ ಅನ್ನುವುದೂ ಇದರಿಂದಲೇ.

ಮೈಯ ಬಿಗಿಯಿಂದ ನಡತೆಯ ಬಿಗಿಗೆ ಜಾಸ್ತಿ ದೂರವಿಲ್ಲ. ನಾವೂ ‘ಮೇಷ್ಟ್ರು ತುಂಬಾ ಬಿಗಿ’ ಅನ್ನುತ್ತೇವೆ. ಲ್ಯಾಟಿನ್‌ನಲ್ಲೇ ಈ ಅರ್ಥ ಸೇರಿಕೊಂಡಿತ್ತು. ಅದು ಹಳೆಯ ಫ್ರೆಂಚ್‌ಗೆ ಹೋಗಿ, 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಆಳುವವರ ಮಾತು ಫ್ರೆಂಚ್ ಆಗಿತ್ತು. ಜಡ್ಜ್, ಜೂರಿ, ಕೋರ್ಟ್, ಪ್ರಿಸನ್ ಎಲ್ಲ ಫ್ರೆಂಚಿನಿಂದ ಬಂದವು. ಜನಕ್ಕೆ ಫ್ರೆಂಚ್ ತಿಳಿಯುವುದಿಲ್ಲ, ಕೋರ್ಟಿನಲ್ಲಿ ವಾದ ಇಂಗ್ಲಿಷಿನಲ್ಲಿ ನಡೆಯಬೇಕು ಅಂತ 1362ರಲ್ಲಿ ಕಾನೂನು ಮಾಡಿದರು. ಆ ಕಾನೂನನ್ನೂ ಫ್ರೆಂಚಿನಲ್ಲೇ ಬರೆದರು. ಓದಿದಾಗ ನನಗೆ ಸಂಕಟವಾಯಿತು.

ಯಾಕೆಂದರೆ ಆ ಸಂಕಟ ನನ್ನ ಮೇಜಿನ ಮುಂದೆ ದಿನಾ ಬಂದು ಕೂರುತ್ತದೆ. ವಕೀಲ, ಜಾಮೀನು, ಸಜೆ ಪಾರಸಿ-ಅರಬಿಯಿಂದ ಬಂದವು. ಕಠಿಣ ಸಂಸ್ಕೃತದ್ದು. ಆ ತೀರ್ಪು ಓದಿ ಹೇಳಿದಾಗ ಶಿಕ್ಷೆಯಾದವನ ಹೆಂಡತಿ ಸೆರಗು ಹಿಂಡುತ್ತಾ ಕೇಳಿದರು: “ಕಠಿಣ ಅಂದ್ರೆ ಒಳಗೆ ಹೊಡೀತಾರಾ ಮೇಡಂ?” ಇಲ್ಲಕ್ಕ, ಕೆಲಸ ಮಾಡಿಸುತ್ತಾರೆ ಅಷ್ಟೇ ಅಂದೆ. 1860ರ ದಂಡ ಸಂಹಿತೆಯಲ್ಲೇ ಹಾಗಿತ್ತು: ರಿಗರಸ್ ಅಂದರೆ ಮೈಮುರಿಯುವ ದುಡಿಮೆ ಇರುವ ಸೆರೆ, ಇನ್ನೊಂದು ಸಾದಾ ಸಜೆ. 2024ರ ಜುಲೈನಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ ಅದೇ ಉಳಿದಿದೆ. ಆಕೆ ಉಸಿರು ಬಿಟ್ಟು, “ಕೆಲಸ ಮಾಡ್ತಾರೆ ಬಿಡಿ, ಕೆಲಸಕ್ಕೆ ಹಿಂದೆ ಬಿದ್ದೋರಲ್ಲ” ಅಂದರು.

ಮಾನಸಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ಪರೀಕ್ಷೆಗೆ ಅಂತ ಚಾಸರ್ ಓದಿದ್ದೆ. 1400ರಲ್ಲಿ ತೀರಿಕೊಂಡ ಕವಿ. ರಿಗರ್ ಅನ್ನುವ ಮಾತು ಇಂಗ್ಲಿಷಿಗೆ ಇನ್ನೂ ಹೊಸದಾಗಿದ್ದಾಗಲೇ ಬಳಸಿದವನು. ಹಳೆಯ ಪುಸ್ತಕ ಅಟ್ಟದಿಂದ ಇಳಿಸಿ ಮತ್ತೆ ನೋಡಿದೆ. ಅವನ ಕ್ಯಾಂಟರ್ಬರಿ ಕಥೆಗಳಲ್ಲಿ ಫ್ರ್ಯಾಂಕ್ಲಿನ್ ಅಂತ ಒಬ್ಬ ಇದ್ದಾನೆ. ನಮ್ಮ ಕಡೆ ಹೇಳುವುದಾದರೆ ಜಮೀನುಳ್ಳ ಗೌಡರು. ಅವನು ಗಂಡ ಹೆಂಡತಿಯ ಕಥೆ ಹೇಳುತ್ತಾನೆ. ಯಜಮಾನಿಕೆ ಕಾಲಿಟ್ಟ ಕೂಡಲೇ ಪ್ರೀತಿಯ ದೇವರು ರೆಕ್ಕೆ ಬಡಿದು ಹಾರಿಹೋಗುತ್ತಾನೆ ಅನ್ನುತ್ತಾನೆ. ಸ್ವಲ್ಪ ಮುಂದೆಯೇ ಈ ಮಾತು: ರಿಗರ್‌ಗೆ ಎಂದೂ ದಕ್ಕದ್ದನ್ನು ತಾಳ್ಮೆ ಗೆಲ್ಲುತ್ತದೆ. ಆರುನೂರು ವರ್ಷಗಳ ಹಿಂದೆ ಅದನ್ನು ತಾಳ್ಮೆಯ ಎದುರಿಗೇ ತಂದು ನಿಲ್ಲಿಸಿದ್ದ! ಆಗ ಎರಡು ಅಂಕದ ಪ್ರಶ್ನೆ ಅಂತ ದಾಟಿಹೋಗಿದ್ದೆ. ಈಗ ಆ ಪುಟದಲ್ಲಿ ಅಪ್ಪನ ಡಿಸ್ಚಾರ್ಜ್ ಚೀಟಿಯನ್ನೇ ಗುರುತಿಗೆ ಇಟ್ಟಿದ್ದೇನೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು, “ಅದೇನವ್ವ ಆ ಚೀಟೀಲಿ ಬರ್ದಿದ್ದು?”

ಎಲ್ಲ ಹೇಳಿದೆ. ಮುದ್ದೆ ಮುರಿಯುತ್ತಾ ಕೇಳಿಸಿಕೊಂಡರು. ಬೆರಳು ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ.

“ಅಂಗಾದ್ರೆ ಮರಗಟ್ಟೋದು ಅನ್ನು” ಅಂದರು. “ನಿಮ್ಮವ್ವಂಗೆ ಗೊತ್ತಿತ್ತು ಅದುನ್ನ ಬಿಡುಸೋದು.”