ಹೊಟ್ಟೆ ಯಾವ ಕಡೆ, ಬೆನ್ನು ಯಾವ ಕಡೆ

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಲ್ಯಾಬಲ್ಲಿ ಇವತ್ತು ಹಣ್ಣು ನೊಣಗಳಿಗೆ ಅಡುಗೆ: ರವೆ, ಬೆಲ್ಲ, ಗಟ್ಟಿಯಾಗೋಕೆ ಅಗರ್. ಕಾರಿಡಾರ್ ತುಂಬ ತುಪ್ಪವಿಲ್ಲದ ಕೇಸರಿಬಾತ್ ವಾಸನೆ.

ಈ ನೊಣದ ಮೊಟ್ಟೆ ಅರ್ಧ ಮಿಲಿಮೀಟರ್ ಅಷ್ಟೇ. ಅದರಲ್ಲಿ ಮುಂದೆ ಹೊಟ್ಟೆ ಆಗೋ ಕಡೆ ಮಾತ್ರ ಟೋಲ್ ಅನ್ನೋ ಗ್ರಾಹಕಕ್ಕೆ (ಹೊರಪೊರೆಯಲ್ಲಿ ಕೂತು ಸಂಕೇತ ಹಿಡಿಯೋ ಪ್ರೋಟೀನ್) ಹೊರಗಿಂದ ಸಂಕೇತ ಮುಟ್ಟುತ್ತೆ. ಆಗ ಡಾರ್ಸಲ್ ಅನ್ನೋ ಪ್ರೋಟೀನ್ ಆ ಕಡೆಯ ನ್ಯೂಕ್ಲಿಯಸ್‌ಗಳ (ಜೀನ್‌ಗಳಿರೋ ಕೋಶಕೇಂದ್ರಗಳ) ಒಳಗೆ ಹೋಗಿ ಟ್ವಿಸ್ಟ್, ಸ್ನೇಲ್ ಜೀನ್‌ಗಳನ್ನ ಆನ್ ಮಾಡುತ್ತೆ. ಜಾಸ್ತಿ ಹೋದ ಕಡೆ ಸ್ನಾಯು, ಕಮ್ಮಿ ಹೋದ ಕಡೆ ನರ, ಹೋಗದೇ ಇದ್ದ ಕಡೆ ಬೆನ್ನಿನ ಚರ್ಮ. ಪ್ರೋಟೀನ್ ಒಂದೇ, ಪ್ರಮಾಣ ಮಾತ್ರ ಬೇರೆ! ಎಷ್ಟು ಸಲ ಓದಿದ್ರೂ ನನಗೆ ಇಲ್ಲೇ ಮೈ ಜುಮ್ಮನ್ನೋದು.

ಇನ್ನೊಂದು ತಮಾಷೆ. ಬೆಳೆದ ನೊಣದಲ್ಲಿ ಬೂಷ್ಟಿನ ಸೋಂಕು ತಡೆಯೋ ಕೆಲಸಾನೂ ಇದೇ ಟೋಲ್‌ದು ಅಂತ 1996ರಲ್ಲಿ ತೋರಿಸಿದ್ರು. ನಮ್ಮ ನೊಣದ ಬಾಟಲಿಗಳಿಗೆ ಬೂಷ್ಟು ಹಿಡಿಯದೇ ಇರೋಕೆ ಮಾತ್ರ ಪ್ರೊಪಿಯೋನಿಕ್ ಆಸಿಡ್ಡೇ ಗತಿ.