ಕಟ್ ಆಯ್ತು ಅಕ್ಕಾ, ಸಾಕು

ಕಳೆದ ಸೋಮವಾರ ಬೆಳಿಗ್ಗೆ ಅಪ್ಪನನ್ನು ಕಣ್ಣಿನ ತಪಾಸಣೆಗೆಂದು ಹಾಸನಕ್ಕೆ ಕರೆದುಕೊಂಡು ಹೊರಟಾಗ, ಬೇಲೂರು ರಸ್ತೆ ಹಿಡಿಯುವ ಮೊದಲು ಚಿಕ್ಕಮಗಳೂರಿನಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳೋಣವೆಂದು ಬಂಕಿಗೆ ಕಾರು ತಿರುಗಿಸಿದೆ. ಗನ್ ಹಿಡಿದಿದ್ದವಳು ಇಪ್ಪತ್ತರ ಆಸುಪಾಸಿನ ಹುಡುಗಿ. ಮೀಟರು 2,870 ರೂಪಾಯಿ ತೋರಿಸುವಾಗ ಗನ್ ಟಕ್ ಎಂದು ನಿಂತಿತು. "ಕಟ್ ಆಯ್ತು ಅಕ್ಕಾ, ಸಾಕು" ಎಂದಳು. "ಇನ್ನೊಂದು ಸ್ವಲ್ಪ ಹಾಕಮ್ಮ, ಮೂರು ಸಾವಿರಕ್ಕೆ ರೌಂಡ್ ಆಗಲಿ" ಎಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಗನ್ನನ್ನು ತುಸು ಮೇಲಕ್ಕೆತ್ತಿ ಹಿಡಿದು, ನಿಂತಾಗಲೆಲ್ಲ ಮತ್ತೆ ಒತ್ತುತ್ತಾ, ಇನ್ನೂ ಒಂದೂಕಾಲು ಲೀಟರಿನಷ್ಟು ತುಂಬಿಸಿದಳು.

ದುಡ್ಡು ಕೊಟ್ಟು ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತಿತ್ತು, ಹಿಡಿಯುತ್ತಿರಲಿಲ್ಲ. ಮೂರು ಸಲ ಹೊಡೆದೆ. ಹಿಂದಿನ ಸಾಲಿನಿಂದ ಹಾರ್ನ್ ಶುರುವಾಯಿತು. ಕಳೆದ ಎರಡು ತಿಂಗಳಲ್ಲಿ ಹೀಗಾದದ್ದು ಇದು ನಾಲ್ಕನೆಯ ಬಾರಿ, ಪ್ರತಿ ಸಲವೂ ಪೆಟ್ರೋಲ್ ಹಾಕಿಸಿದ ಕೂಡಲೇ. ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಗಾಡಿಯ ಎಲ್ಲ ಕಾಯಿಲೆಗೂ ಪೆಟ್ರೋಲೇ ಕಾರಣವೆಂಬ ಮಾತು ಎಲ್ಲರ ಬಾಯಲ್ಲೂ ಇರುವಾಗ ನನಗೂ ಬೇರೇನೂ ಹೊಳೆಯಲಿಲ್ಲ. ಕಾರಿನಿಂದ ಇಳಿದು, ನಾಲ್ಕು ಜನರ ಎದುರಿನಲ್ಲಿ, "ಏನಮ್ಮ ಬೆರೆಸಿದ್ದೀರಿ ಇದಕ್ಕೆ?" ಎಂದು ಆ ಹುಡುಗಿಯನ್ನೇ ಕೇಳಿದೆ.

ಅವಳು ಎದುರು ಮಾತಾಡಲಿಲ್ಲ. ಒಳಗಿನಿಂದ ಫಿಲ್ಟರ್ ಪೇಪರ್ ತಂದು, ಗನ್ನಿನ ಮೂತಿಯನ್ನು ಬಟ್ಟೆಯಿಂದ ಒರೆಸಿ, ಹಾಳೆಯ ಮೇಲೆ ಒಂದು ಹನಿ ಬಿಟ್ಟಳು. ಯಾವ ಬಂಕಿನಲ್ಲಾದರೂ ಗ್ರಾಹಕರು ಕೇಳಿದರೆ ಈ ಪರೀಕ್ಷೆ ಮಾಡಿ ತೋರಿಸಬೇಕು. ಅಳತೆಯ ಅನುಮಾನವಿದ್ದರೆ ಐದು ಲೀಟರಿನ ಮಾಪನದಲ್ಲಿ ಹಿಡಿದೂ ತೋರಿಸಬೇಕು. ಹನಿ ಎರಡು ನಿಮಿಷದಲ್ಲಿ ಆರಿಹೋಯಿತು, ಕಲೆ ಉಳಿಯಲಿಲ್ಲ. "ನೋಡಿ ಅಕ್ಕಾ" ಎಂದು ಹಾಳೆಯನ್ನು ನನ್ನ ಕೈಗೇ ಕೊಟ್ಟಳು. ನಾನು ಅದನ್ನು ನೋಡಿಯೂ ನಂಬದವಳಂತೆ ಸೀಟಿನ ಮೇಲೆ ಹಾಕಿ ಕಾರು ಹತ್ತಿದೆ.

ಕಾರು ಹೊರಟದ್ದು ಅಪ್ಪನಿಂದ. ಬಹಳ ವರ್ಷ ತೋಟದ ಜೀಪು ಓಡಿಸಿದವರು ಅವರು. "ಪೆಟ್ರೋಲ್ ವಾಸನೆ ಬರ್ತಿದೆ ಮಗಳೇ, ಓವರ್‌ಫ್ಲೋ ಆಗಿದೆ. ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿ, ಬಿಡಬೇಡ, ಹಾಗೇ ಸೆಲ್ಫ್ ಹೊಡಿ" ಎಂದರು. ಕಾರ್ಬ್ಯುರೇಟರ್ ಕಾಲದ ಉಪಾಯ ಈಗಿನ ಕಾರಿಗೆ ಎಲ್ಲಿ ನಡೆಯುತ್ತದೆ ಎಂದುಕೊಂಡೇ ತುಳಿದೆ. ನಡುಗುತ್ತಾ, ಕೆಮ್ಮುತ್ತಾ ಎಂಜಿನ್ ಹಿಡಿಯಿತು. ಬಹುತೇಕ ಇಂಜೆಕ್ಷನ್ ಕಾರುಗಳಲ್ಲೂ ಪೆಡಲನ್ನು ಪೂರ್ತಿ ತುಳಿದು ಸೆಲ್ಫ್ ಹೊಡೆದರೆ ಇಂಜೆಕ್ಟರುಗಳು ಪೆಟ್ರೋಲ್ ಬಿಡುವುದನ್ನು ತಡೆಹಿಡಿಯುತ್ತವೆ, ಒಳಗೆ ಹೋದ ಬರೀ ಗಾಳಿ ಹೆಚ್ಚಾದ ಪೆಟ್ರೋಲಿನ ಆವಿಯನ್ನು ಹೊರಗೆ ದೂಡುತ್ತದೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಬೇಲೂರಿನಲ್ಲಿ ಕಾಫಿಗೆ ನಿಲ್ಲಿಸಿ ಹೊರಟಾಗಲೂ, ಹಾಸನದ ಆಸ್ಪತ್ರೆಯಿಂದ ಸಂಜೆ ಹೊರಟಾಗಲೂ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಬುಧವಾರ ಹೋದದ್ದು ಹೊಸ ಮೆಕ್ಯಾನಿಕ್ ಒಬ್ಬರ ಬಳಿಗೆ. ಹಿಂದಿನ ಗ್ಯಾರೇಜಿನವರು ನನ್ನ ಮಾತನ್ನು ಪೂರ್ತಿ ಕೇಳದೆ ಬ್ಯಾಟರಿ ಬದಲಿಸಿ, ಮತ್ತೊಮ್ಮೆ ಪ್ಲಗ್ ಬದಲಿಸಿ ಕಳಿಸಿದ್ದರು. ಇವರು ಬಾನೆಟ್ ಮುಟ್ಟುವ ಮೊದಲು ಕೇಳಿದ್ದು ಎರಡೇ ಪ್ರಶ್ನೆ: ಬೆಳಿಗ್ಗೆ ತಣ್ಣಗಿದ್ದಾಗ ಸರಿಯಾಗಿ ಸ್ಟಾರ್ಟ್ ಆಗುತ್ತದೆಯೇ, ಪೆಟ್ರೋಲ್ ಹಾಕಿಸಿದಾಗ ಮಾತ್ರ ಹೀಗೆಯೇ? ಹೌದೆಂದ ಮೇಲೆ, ಎಂಜಿನ್ನಿನ ಪಕ್ಕದಲ್ಲಿದ್ದ ಬೆರಳುದ್ದದ ಒಂದು ಕಪ್ಪು ಬಿಡಿಭಾಗವನ್ನು ಪೈಪಿನಿಂದ ಬಿಡಿಸಿ, ಒರೆಸಿ, "ಊದಿ ನೋಡಿ ಮೇಡಂ" ಎಂದು ನನ್ನ ಕೈಗಿಟ್ಟರು. ಊದಿದೆ. ಗಾಳಿ ಸರಾಗವಾಗಿ ಆಚೆ ಹೋಯಿತು. ಹೊಸದೊಂದನ್ನು ಕೊಟ್ಟರು, ಕೆನ್ನೆ ಉಬ್ಬುವಷ್ಟು ಊದಿದರೂ ಒಂದಿಷ್ಟೂ ಹೋಗಲಿಲ್ಲ.

ಅದರ ಹೆಸರು ಪರ್ಜ್ ವಾಲ್ವ್. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿಯನ್ನು ಗಾಳಿಗೆ ಬಿಡಬಾರದೆಂದು ಇದ್ದಿಲು ತುಂಬಿದ ಒಂದು ಡಬ್ಬಿಯಲ್ಲಿ ಹಿಡಿದಿಡುತ್ತಾರೆ. ಎಂಜಿನ್ ಓಡುವಾಗ ಈ ವಾಲ್ವು ಬೇಕಾದಷ್ಟೇ ತೆರೆದು ಆ ಆವಿಯನ್ನು ಎಂಜಿನ್ನಿಗೆ ಕೊಟ್ಟು ಉರಿಸುತ್ತದೆ, ಎಂಜಿನ್ ನಿಂತಾಗ ಮುಚ್ಚಿರಬೇಕು. ನನ್ನ ಕಾರಿನಲ್ಲಿ ಅದು ತೆರೆದೇ ಉಳಿದಿತ್ತು. ಪೆಟ್ರೋಲ್ ಒಳಗೆ ಸುರಿದಂತೆಲ್ಲ ಟ್ಯಾಂಕಿನ ಆವಿ ತಳ್ಳಿಸಿಕೊಂಡು ಎಂಜಿನ್ನಿನ ಗಾಳಿಯ ದಾರಿಗೆ ನುಗ್ಗಿ ತುಂಬಿಕೊಂಡರೆ ಕಿಡಿ ಹತ್ತುವುದಾದರೂ ಹೇಗೆ?

ಅವರು ಹಳೆಯ ವಾಲ್ವನ್ನು ತಿರುಗಿಸಿ ಅಂಗೈ ಮೇಲೆ ಎರಡು ಸಲ ಕುಟ್ಟಿದರು. ಸಾಸಿವೆಗಿಂತ ಸಣ್ಣ ಕಪ್ಪು ಹರಳುಗಳು ಉದುರಿದವು. "ಇದ್ದಿಲು. ಡಬ್ಬಿ ಒಳಗಿಂದ ಬಂದಿದೆ. ಕಟ್ ಆದಮೇಲೂ ಹಾಕಿಸ್ತೀರಾ ಮೇಡಂ?" ಎಂದು ಕೇಳಿದರು. ಗನ್ನಿನ ಮೂತಿಯಲ್ಲಿ ಒಂದು ಸಣ್ಣ ರಂಧ್ರವಿದೆಯಂತೆ. ಏರಿಬಂದ ಪೆಟ್ರೋಲ್ ಅದನ್ನು ಮುಚ್ಚಿದ ಕೂಡಲೇ ಗನ್ ತಾನಾಗಿ ನಿಲ್ಲುತ್ತದೆ. ಅದರ ಮೇಲಿನ ಖಾಲಿ ಜಾಗ ಆವಿಗೆಂದು ಬಿಟ್ಟದ್ದು. ಅಲ್ಲಿಗೂ ತುಂಬಿಸಿದರೆ ಪೆಟ್ರೋಲೇ ಹರಿದು ಡಬ್ಬಿಗೆ ಹೋಗಿ ಇದ್ದಿಲು ನೆನೆಯುತ್ತದೆ, ಪುಡಿಯಾಗುತ್ತದೆ, ಆ ಪುಡಿ ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ. ಬಿಚ್ಚಿ ತೆಗೆದ ಡಬ್ಬಿ ಕೈಯಲ್ಲಿ ಕಲ್ಲಿನಂತೆ ಭಾರವಾಗಿತ್ತು. ಎರಡನ್ನೂ ಬದಲಿಸಿದರು.

ಕಟ್ ಆಯ್ತು ಅಕ್ಕಾ, ಸಾಕು. ಎರಡು ರಾತ್ರಿಯಿಂದ ಆ ಮಾತು ಕಿವಿಯಲ್ಲಿದೆ. ಎರಡು ತಿಂಗಳಿಂದ ನಾನು ಹುಡುಕುತ್ತಿದ್ದ ಉತ್ತರವನ್ನು ಅವಳು ಕೇಳದೆಯೇ ಹೇಳಿದ್ದಳು, ಕಾರು ಕೈಕೊಡುವುದಕ್ಕೂ ಮೊದಲು ಹೇಳಿದ್ದಳು. ಗ್ಯಾರೇಜಿನವರು ನನ್ನ ಮಾತು ಕೇಳಲಿಲ್ಲವೆಂದು ನೊಂದುಕೊಂಡ ನಾನು ಅವಳ ಮಾತನ್ನು ಕೇಳಿದ್ದೆನೇ? ಬಿಸಿಲಿನಲ್ಲಿ ದಿನವಿಡೀ ನಿಂತು ನೂರಾರು ಗಾಡಿಗೆ ಪೆಟ್ರೋಲ್ ಹಾಕುವವರಿಗೆ ಟ್ಯಾಂಕಿನ ವಿಷಯ ನನಗಿಂತ ಚೆನ್ನಾಗಿ ತಿಳಿದಿರಬಹುದೆಂದು ನನಗೆ ತೋಚಲೇ ಇಲ್ಲ. ಮೋಸದ ಅನುಮಾನವೊಂದೇ ಮೊದಲು ತೋಚಿತು, ಅದೂ ಕಲಬೆರಕೆಯಲ್ಲಿ ಯಾವ ಲಾಭವೂ ಇಲ್ಲದ, ಸಂಬಳಕ್ಕೆ ದುಡಿಯುವ ಹುಡುಗಿಯ ಮೇಲೆ. ಆ ಹಾಳೆ ಇನ್ನೂ ಕಾರಿನಲ್ಲೇ ಇದೆ, ಬಿಸಾಡಲು ಮನಸ್ಸಾಗುತ್ತಿಲ್ಲ.

ನಿನ್ನೆ ಅದೇ ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿದೆ. ಗನ್ ಹಿಡಿದಿದ್ದವನು ಬೇರೆ ಹುಡುಗ. ಕಟ್ ಆದ ಕೂಡಲೇ ಅವನೇ "ರೌಂಡ್ ಮಾಡ್ಲಾ ಅಕ್ಕಾ?" ಎಂದ. ಬೇಡವೆಂದೆ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸೋಮವಾರ ಬೆಳಿಗ್ಗೆ ಇದ್ದ ಹುಡುಗಿ ಎಲ್ಲಿ ಎಂದು ವಿಚಾರಿಸಿದೆ. "ಅವಳಿಗೀಗ ಮಧ್ಯಾಹ್ನದ ಶಿಫ್ಟು, ಎರಡು ಗಂಟೆ ಮೇಲೆ ಬನ್ನಿ" ಎಂದ. ನಾಳೆ ಎರಡು ಗಂಟೆಯ ಮೇಲೆ ಹೋಗುತ್ತೇನೆ. ಅಪ್ಪನೂ ಬರುತ್ತೇನೆಂದಿದ್ದಾರೆ.