ನಿಮ್ಮ ಮನೆಯಿಂದಲೇ, ಸರ್

ಹೋದ ಶನಿವಾರ ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೇಳಿದ ಮಾತು ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಬಸ್ಸಿನಲ್ಲಿ ಕುಳಿತಾಗ, ಉತ್ತರಪತ್ರಿಕೆ ತಿದ್ದುವಾಗ, ಕೈ ತೊಳೆಯುವಾಗಲೂ ಕೇಳಿಸುತ್ತಿದೆ.

ಹೈಸ್ಕೂಲು ಮಕ್ಕಳಿಗಾಗಿ ಬೆಂಗಳೂರಿನ ಸಂಸ್ಥೆಯೊಂದು ನಡೆಸುವ ಆನ್‌ಲೈನ್ ಪರಿಸರ ವಿಜ್ಞಾನ ಕಾರ್ಯಾಗಾರ ಅದು. ನಗರದ ಖಾಸಗಿ ಶಾಲೆಗಳ ಮಕ್ಕಳು ಪರದೆಯ ಮೇಲೆ ತಲೆಗೊಂದು ಚೌಕದಲ್ಲಿ ಕುಳಿತಿದ್ದರು. ಕೋಲಾರ ತಾಲ್ಲೂಕಿನ ನಮ್ಮ ಸರ್ಕಾರಿ ಶಾಲೆಯದು ಇಡೀ ತರಗತಿಗೆ ಒಂದೇ ಚೌಕ: ನನ್ನ ಮೊಬೈಲಿನ ಇಂಟರ್‌ನೆಟ್, ಶಾಲೆಯ ಪ್ರೊಜೆಕ್ಟರ್, ಬೆಳಕು ತಡೆಯಲು ಕಿಟಕಿಗೆ ಕಟ್ಟಿದ ಯಾವುದೋ ಜಯಂತಿಯ ಬ್ಯಾನರ್. ಮುಖ್ಯೋಪಾಧ್ಯಾಯರು ಬಂದು, ವರದಿಗೆ ಬೇಕಾದ ಫೋಟೊ ತೆಗೆಸಿಕೊಂಡು ಹೋದರು.

ವಿಷಯ, ನಿಮ್ಮ ಊರಿನ ಕೆರೆಯ ಆರೋಗ್ಯ. ಪಾಠ ಮಾಡಿದವರು ಸಜ್ಜನ, ತಾಳ್ಮೆಯ ಮನುಷ್ಯ, ಕನ್ನಡವೂ ಚೆನ್ನಾಗಿತ್ತು. ಅವರ ಹಿಂದೆ ಕಂಪ್ಯೂಟರ್ ಮೂಡಿಸಿದ ದಟ್ಟ ಮಳೆಕಾಡು. ಕೈ ಎತ್ತಿದಾಗಲೆಲ್ಲ ಅವರ ಬೆರಳುಗಳು ಎಲೆಗಳೊಳಗೆ ಕರಗಿಹೋಗುತ್ತಿದ್ದವು. ನಮ್ಮ ಮಕ್ಕಳಿಗೆ ಮೊದಲ ಹತ್ತು ನಿಮಿಷ ಅದೇ ಮೋಜು.

ಆಮೇಲೆ ಪರದೆಯ ಮೇಲೆ ಪ್ರಶ್ನೆ ಬಂತು. ನಿಮ್ಮ ಕೆರೆಗೆ ನೀರು ಎಲ್ಲಿಂದ ಬರುತ್ತದೆ? ಮಳೆ, ನದಿ, ಹಳ್ಳ, ಚಿಲುಮೆ. ಒಂದನ್ನು ಆರಿಸಬೇಕು. ಎಲ್ಲರೂ ಒತ್ತಿದರು, ನಾವು ಒತ್ತಲಿಲ್ಲ. ಯಾಕೆಂದು ಅವರು ಕೇಳಿದಾಗ ಈ ಹುಡುಗಿ ಎದ್ದು ಮೈಕಿನ ಹತ್ತಿರ ಬಂದಳು.

"ನಾಲ್ಕರಲ್ಲಿ ಯಾವುದೂ ಅಲ್ಲ, ಸರ್."

"ಹಾಗಾದರೆ ಎಲ್ಲಿಂದ ಬರುತ್ತದೆ?"

"ನಿಮ್ಮ ಮನೆಯಿಂದಲೇ, ಸರ್."

ಅವರು ನಕ್ಕರು. ಒಂದೆರಡು ಚೌಕಗಳಲ್ಲಿಯೂ ನಗು ಕಂಡಿತು. "ಒಳ್ಳೆಯ ಅಂಶ, ಕೊನೆಯಲ್ಲಿ ಮಾತನಾಡೋಣ" ಎಂದು ಮುಂದಿನ ಸ್ಲೈಡಿಗೆ ಹೋದರು. ಆ ಕೊನೆ ಬರಲೇ ಇಲ್ಲ.

ಹುಡುಗಿ ಆಡಿದ್ದು ತಮಾಷೆಯಲ್ಲ, ಉದ್ಧಟತನವೂ ಅಲ್ಲ. ಬೆಂಗಳೂರಿನ ಬಚ್ಚಲು, ಶೌಚಾಲಯಗಳ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯ ಘಟಕಗಳಲ್ಲಿ ಎರಡು ಹಂತ ಶುದ್ಧಿಯಾಗಿ, ಪೈಪಿನಲ್ಲಿ ನಮ್ಮ ಜಿಲ್ಲೆಗೆ ಬರುತ್ತದೆ. ಕೆ.ಸಿ. ವ್ಯಾಲಿ ಎಂದರೆ ಇಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ದಿನಕ್ಕೆ 440 ದಶಲಕ್ಷ ಲೀಟರ್ ಹರಿಸುವ ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಿದ್ದಾಗ ಜನ ಪೂಜೆ ಮಾಡಿದರು. ಜುಲೈನಲ್ಲಿ ಅದೇ ಕೆರೆಯಲ್ಲಿ ನೊರೆ ಎದ್ದಿತು. ಹೈಕೋರ್ಟ್ ತಡೆ ನೀಡಿತು. ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿ, ನೀರು ಮತ್ತೆ ಹರಿಯಿತು.

ನಮ್ಮಲ್ಲಿ ಇದನ್ನು ವಿಷ ಎನ್ನುವವರಿದ್ದಾರೆ, ಅಮೃತ ಎನ್ನುವವರೂ ಇದ್ದಾರೆ. ಎರಡು ಕಡೆಯವರ ಭಾಷಣವನ್ನೂ ಕೇಳಿ ಕೇಳಿ ನನಗೆ ಸಾಕಾಗಿದೆ. ಆ ಹುಡುಗಿಯ ಅಪ್ಪನ ಬತ್ತಿದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಬಂದಿದೆ, ಟೊಮೆಟೊ ಹಾಕಿದ್ದಾರೆ. ಅದಕ್ಕೂ ಮೊದಲು ಸಾವಿರ ಅಡಿಯ ಆಳದಿಂದ ಎತ್ತಿ ಕುಡಿದದ್ದು ಫ್ಲೋರೈಡ್ ನೀರು. ನನ್ನ ತರಗತಿಯಲ್ಲಿ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಅದರ ಕಂದು ಗೆರೆಗಳು ಕಾಣುತ್ತವೆ. ಇನ್ನೊಂದು ಕಡೆ, ಎರಡನೇ ಹಂತದ ಶುದ್ಧೀಕರಣ ಕೊಳೆಯುವ ಪದಾರ್ಥವನ್ನು ಬಹುಪಾಲು ತೆಗೆಯುತ್ತದೆಯೇ ಹೊರತು ಸಾರಜನಕ, ರಂಜಕಗಳನ್ನು ಪೂರ್ತಿ ತೆಗೆಯುವುದಿಲ್ಲ. ಪಾಚಿಗೆ ಅದೇ ಗೊಬ್ಬರ. ಇಂಥ ನೀರಿನ ಬಗ್ಗೆ ಕಲಿಸಲು ಒಂದು ಗಂಟೆ ಸಾಲದು ಎಂದಿದ್ದರೆ ಒಪ್ಪುತ್ತಿದ್ದೆ. ಇದ್ದುದು ಎರಡು ಗಂಟೆ.

ಆ ಪಾಚಿಯದೇ ಇನ್ನೊಂದು ಕಥೆ. ಕಾರ್ಯಾಗಾರಕ್ಕೆ ಮೊದಲೇ ಅಂಚೆಯಲ್ಲಿ ಬಂದಿದ್ದ ಕಿಟ್‌ನಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ವ್ಯವಸ್ಥೆ ಇತ್ತು. ನೀರಿಗೆ ರಾಸಾಯನಿಕ ಬೆರೆಸಿ, ಪಿಷ್ಟದ ದ್ರಾವಣ ಹಾಕಿದರೆ ಕಡುನೀಲಿ. ಆ ನೀಲಿ ಮಾಯವಾಗುವವರೆಗೆ ಒಂದೊಂದೇ ಹನಿ ಬಿಟ್ಟು ಎಣಿಸಬೇಕು. ಮಕ್ಕಳು ಶಾಲೆ ಬಿಟ್ಟ ಮೇಲೆ, ಇಳಿಬಿಸಿಲಿನಲ್ಲಿ ನೀರು ತಂದು ಎಣಿಸಿದರು. ಎಷ್ಟು ಹನಿ ಹಾಕಿದರೂ ನೀಲಿ ಹೋಗದು! ಕೊನೆಗೆ ಲೀಟರಿಗೆ 11 ಮಿಲಿಗ್ರಾಂ. ಕಾರ್ಯಾಗಾರದ ಅಂಕಪಟ್ಟಿಯ ಪ್ರಕಾರ ಐದಕ್ಕಿಂತ ಹೆಚ್ಚಿದ್ದರೆ ಕೆರೆ "ಅತ್ಯುತ್ತಮ". ಪರದೆಯ ಮೇಲೆ ನಮಗೆ ಚಪ್ಪಾಳೆ ಬಿತ್ತು. ಗಾಳಿಯಿಂದಷ್ಟೇ ಬೆರೆತ ಆಮ್ಲಜನಕವಾದರೆ ನಮ್ಮ ಸೆಕೆಗೆ ಎಂಟು ದಾಟುವುದೇ ಕಷ್ಟ. ಮಿಕ್ಕದ್ದು ಪಾಚಿಯದು: ಹಗಲು ಅದು ನೀರಿಗೆ ಆಮ್ಲಜನಕ ತುಂಬುತ್ತದೆ, ರಾತ್ರಿ ತಾನೇ ಅದನ್ನು ಹೀರಿಕೊಳ್ಳುತ್ತದೆ. ದಿನಕ್ಕೊಂದೇ ಸಲ ಅಳೆದು ಅಂಕ ಕೊಡುವುದೆಂದರೆ ಸಂಬಳದ ದಿನ ಜೇಬು ನೋಡಿ ಮೇಷ್ಟರನ್ನು ಸಾಹುಕಾರ ಎಂದ ಹಾಗೆ. ಮೀನು ಹಿಡಿಯುವವರ ಮಗನೊಬ್ಬ ಹಿಂದಿನ ಬೆಂಚಿನಿಂದ ಹೇಳಿದ: "ಬೆಳಿಗ್ಗೆ ಬಂದು ನೋಡಲಿ ಸರ್, ಮೀನುಗಳು ಬಾಯಿ ತೆರೆದುಕೊಂಡು ಮೇಲೆ ಬಂದಿರುತ್ತವೆ." ಅಷ್ಟರಲ್ಲಿ ಕಾರ್ಯಾಗಾರದ ಸಂಯೋಜಕಿ ನಮ್ಮ ಮೈಕ್ ಮುಚ್ಚಿಸಿದ್ದರು. ಆ ಹೆಣ್ಣುಮಗಳಿಗೆ ಸದ್ದು ಎಂದರೆ ಅಲರ್ಜಿ ಇರಬೇಕು.

ಹುಡುಗಿಯ ಮಾತಿಗೆ ಕಿವಿಗೊಟ್ಟವನು ಒಬ್ಬನೇ, ಬೆಳ್ಳಂದೂರಿನ ಬಹುಮಹಡಿ ಕಟ್ಟಡವೊಂದರ ಹುಡುಗ. ಪರದೆಯ ಪಕ್ಕದ ಅಂಕಣದಲ್ಲಿ ಬರೆದ: ನೀವು ಅದನ್ನು ಕುಡಿಯುತ್ತೀರಾ? ಇವಳು ನನ್ನ ಮೊಬೈಲಿನಿಂದಲೇ ಉತ್ತರ ಬರೆಸಿದಳು. ಕುಡಿಯುವುದಿಲ್ಲ, ಕೆರೆಯಿಂದ ನೇರವಾಗಿ ಪಂಪ್ ಇಟ್ಟು ಎತ್ತುವ ಹಾಗೂ ಇಲ್ಲ, ನೆಲದೊಳಗೆ ಇಂಗಿ ಬೋರ್‌ವೆಲ್‌ಗೆ ಬರುತ್ತದೆ. ಅವನ ಮುಂದಿನ ಪ್ರಶ್ನೆ: ನಾವು ಬಟ್ಟೆ ಒಗೆಯುವ ಪುಡಿಯೂ ಅಲ್ಲಿಗೆ ಬರುತ್ತದೆಯಾ? ವಿಷಯಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಮಾತ್ರ ಕೇಳಿ ಎಂಬ ಸೂಚನೆ ಬಂತು.

ನನಗೆ ಸಿಟ್ಟು ಬಂದದ್ದು ಅಲ್ಲಿ. ಬೆಳ್ಳಂದೂರು ಕೆರೆಗೆ 2015, 2017, 2018ರಲ್ಲಿ ಬೆಂಕಿ ಬಿದ್ದದ್ದನ್ನು ಈ ಕಾರ್ಯಾಗಾರಗಳಲ್ಲಿ ತಪ್ಪದೆ ತೋರಿಸುತ್ತಾರೆ, ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಪರಿಸರ ಪಾಠ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತ್ತು. ಅಂದಿನಿಂದ ಆ ಪಾಠದಲ್ಲಿ ಊರಿಲ್ಲ, ಮನೆಯಿಲ್ಲ, ಬರೀ "ಮನುಷ್ಯ" ಎಂಬೊಬ್ಬ ಅಪರಾಧಿ ಇದ್ದಾನೆ. ಆನ್‌ಲೈನ್ ತರಗತಿಯನ್ನು ನಾನು ಬಹಳ ಬೈದಿದ್ದೇನೆ. ಆದರೆ ಒಂದೇ ಪೈಪಿನ ಎರಡು ತುದಿಯ ಮಕ್ಕಳು ಎದುರುಬದುರಾಗುವುದು ಇನ್ನೆಲ್ಲಿ ಸಾಧ್ಯವಿತ್ತು? ಎಪ್ಪತ್ತು ಕಿಲೋಮೀಟರ್ ದೂರದ ಅವರನ್ನು ಯಾವ ಶಾಲಾ ಪ್ರವಾಸವೂ ಸೇರಿಸುವುದಿಲ್ಲ. ತಾನಾಗಿ ಒದಗಿ ಬಂದದ್ದನ್ನು ಮ್ಯೂಟ್ ಮಾಡಿ, ಹಸಿರು ಎಲೆಯ ಚಿತ್ರವಿರುವ ಪ್ರಮಾಣಪತ್ರ ಕಳುಹಿಸಿದರು.

ಎರಡು ಶಾಲೆಗಳಿಗೆ ಅರ್ಧ ಗಂಟೆ ಮಾತನಾಡಲು ಬಿಡಿ ಎಂದು ಸಂಸ್ಥೆಗೆ ಬರೆದೆ. ಮುಂದಿನ ಅವಧಿ ಉತ್ತರ ಧ್ರುವದ ಹಿಮದ ಬಗ್ಗೆ ಎಂದು ಸೌಜನ್ಯದಿಂದಲೇ ತಿಳಿಸಿದರು. ಹಾಗಾಗಿ ಆ ಹುಡುಗನ ವಿಜ್ಞಾನ ಶಿಕ್ಷಕಿಯ ನಂಬರ್ ಹುಡುಕಿ ನಾನೇ ಫೋನ್ ಮಾಡಿದೆ. ಆ ಹುಡುಗನ ವಸತಿ ಸಂಕೀರ್ಣದ ಶುದ್ಧೀಕರಣ ಘಟಕದಿಂದ ಹೊರಬರುವ ನೀರನ್ನು ಅವರು, ನಮ್ಮ ಕೆರೆಯ ನೀರನ್ನು ನಾವು, ಒಂದೇ ದಿನ, ಬೆಳಗಿನ ಆರಕ್ಕೊಮ್ಮೆ ಮತ್ತು ಮಧ್ಯಾಹ್ನ ಮೂರಕ್ಕೊಮ್ಮೆ ಅಳೆಯುವುದೆಂದು ಮಾತಾಗಿದೆ. ಪೋಷಕರ ಒಪ್ಪಿಗೆ ಪತ್ರ ಬೇಕೆಂದು ಮುಖ್ಯೋಪಾಧ್ಯಾಯರ ತಕರಾರು. ಅದು ನ್ಯಾಯವೇ, ಕೆರೆಯ ದಂಡೆ ಜಾರುತ್ತದೆ. ಕಿಟ್‌ನಲ್ಲಿ ಪಿಷ್ಟದ ದ್ರಾವಣ ತಳ ಕಂಡಿದೆ, ಬಿಸಿಯೂಟದ ಅಡುಗೆಯವರ ಹತ್ತಿರ ಒಂದು ಲೋಟ ಅನ್ನದ ಗಂಜಿ ಕೇಳಿದ್ದೇನೆ.